ದುಬೈಯ ಮೊಂತಿ ಹಬ್ಬ: ಹೊಸ ಅಕ್ಕಿ ಊಟದಲ್ಲಿ ಹೊರಗಿನವರ ಪಾಲು

ಮೊದಲ ಬೆಳೆಯನ್ನು ದೇವರ ಮುಂದಿಟ್ಟ ಮೇಲೆ ನಿಮ್ಮ ನಡುವಿನ ಪರದೇಶಿಯೊಂದಿಗೆ ಕೂಡಿ ಸಂತೋಷಪಡಿ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ. ಕರಾವಳಿಯ ಕಥೋಲಿಕರ ಮೊಂತಿ ಹಬ್ಬದ ಜೀವ ಇರುವುದು ಇಲ್ಲೇ. ಸೆಪ್ಟೆಂಬರ್ 8, ಕನ್ಯಾ ಮರಿಯಮ್ಮನವರ ಜನ್ಮದಿನ, ಹೊಸ ಅಕ್ಕಿ ಊಟ. ದುಬೈಯಲ್ಲಿ ಪರದೇಶಿಗಳು ನಾವೇ. ಹಾಗೆಂದು ಪಾಲು ಕೊಡುವ ಹೊಣೆ ತಪ್ಪುವುದಿಲ್ಲ. ಮನೆಯವರಷ್ಟೇ ಬಾಗಿಲು ಹಾಕಿಕೊಂಡು ಉಂಡರೆ ಈ ಹಬ್ಬ ಅರ್ಧವೇ.

ಮೊದಲು ಹಬ್ಬಕ್ಕೆ ಬೇಕಾದ ಹೊಸ ಭತ್ತದ ತೆನೆಯ ವಿಚಾರ. ಬಾಲ್ಕನಿಯ ಕುಂಡದಲ್ಲಿ ಭತ್ತ ಬೆಳೆಸುವ ಆಸೆ ಹಲವರಿಗೆ. ಸೆಪ್ಟೆಂಬರಿಗೆ ತೆನೆ ಬಲಿಯಬೇಕಾದರೆ ಆಗಸ್ಟ್ ಆರಂಭದಲ್ಲಿ ಹೂ ಬಿಡಬೇಕು. ಹೂ ಅರಳುವಾಗ ಬಿಸಿಲು 35 ಡಿಗ್ರಿ ದಾಟಿದರೆ ಕಾಳು ಕಟ್ಟದೆ ಜಳ್ಳಾಗುತ್ತದೆ. ದುಬೈಯಲ್ಲಿ ಆಗ 40ರ ಮೇಲೆ. ಆದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ. ಊರಿನಿಂದ ತರಿಸೋಣವೆಂದರೆ ಸಿಪ್ಪೆ ಇರುವ ಭತ್ತ ಬಿತ್ತನೆ ಬೀಜವೂ ಹೌದು, ಗಡಿಯಲ್ಲಿ ತಡೆಯಬಹುದು. ಊರಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ನೆರಳಲ್ಲಿ ಒಣಗಿಸಿ, ಸುಲಿದು, ಕಾಗದದಲ್ಲಿ ಮಡಚಿ ತರಿಸುವುದು ಮೇಲು. ಹಸಿಯಿದ್ದಾಗ ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿದ ಮೇಲೆ ಕಾಳು ಪುಡಿಮಾಡಿ ತೆಂಗಿನಹಾಲಿಗೆ ಬೆರೆಸಿ ಮನೆಯ ಹಿರಿಯರು ಹಂಚುತ್ತಾರೆ. ಎಲ್ಲರಿಗೂ ಒಂದೊಂದು ಗುಟುಕು ಸಾಕು. ಅಂದು ಬಂದ ಅತಿಥಿ ಬೇರೆ ಧರ್ಮದವರಾದರೆ ಕೇಳಿ ಕೊಡಿ, ಒತ್ತಾಯ ಬೇಡ.

ಊಟ ಪೂರ್ತಿ ಸಸ್ಯಾಹಾರ. ಪದಾರ್ಥಗಳ ಲೆಕ್ಕ ಬೆಸ, ಐದು ಅಥವಾ ಏಳು. ಯಾರನ್ನೂ ಹೊರಗಿಡದ ಊಟವಿದು, ಒಣಮೀನಿನ ಚೂರೂ ಸೇರಕೂಡದು. ಮನೆಯವರು ಐದಿದ್ದರೆ ಇಪ್ಪತ್ತೈದು ಮಂದಿಗೆ ಅಡುಗೆ ಹೂಡಿ: ಕುಚ್ಚಲಕ್ಕಿ 3 ಕೆ.ಜಿ., ಪ್ರತಿ ಪಲ್ಯಕ್ಕೆ ತರಕಾರಿ ಒಂದೂವರೆ ಕೆ.ಜಿ., ಪಾಯಸಕ್ಕೆ ಕಡಲೆಬೇಳೆ 1 ಕೆ.ಜಿ., ಬೆಲ್ಲ ಒಂದೂಕಾಲು ಕೆ.ಜಿ., ತೆಂಗಿನಕಾಯಿ ಐದು. ಕೆಸುವಿನ ಸೊಪ್ಪು, ಹರಿವೆ ದಂಟಿನ ಪದಾರ್ಥಕ್ಕೆ ಅಂಬಟೆಕಾಯಿ ಸಿಗದಿದ್ದರೆ ಹುಣಸೆಹುಳಿ. ಕೆಸುವಿನಲ್ಲಿ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಚೆನ್ನಾಗಿ ಬೇಯದೆ ಇಳಿಸಿದರೆ ಗಂಟಲು ಕೆರೆಯುತ್ತದೆ. ಕೊಡುವ ಊಟದಲ್ಲಿ ಈ ತಪ್ಪು ಆಗಲೇಬಾರದು.

ಕಾರ್ಮಿಕರ ಕ್ಯಾಂಪಿನಲ್ಲಿರುವ ಊರವರನ್ನು ಮನೆಗೇ ಕರೆಯುವುದು ಮೊದಲ ಆಯ್ಕೆ. ಎಲೆಯ ಮುಂದೆ ಜೊತೆಯಲ್ಲಿ ಕೂತಾಗ ಕೊಡುವವರು, ಪಡೆಯುವವರು ಎಂಬ ಭೇದ ಉಳಿಯುವುದಿಲ್ಲ. ವಾರದ ನಡುವೆ ಹಬ್ಬ ಬಿದ್ದರೆ ಅವರ ರಜೆಯ ದಿನ ಕೇಳಿಕೊಂಡು ಅಂದೇ ಊಟ ಇಡಿ. ನಿಮ್ಮ ಶನಿವಾರ, ಭಾನುವಾರದ ರಜೆ ಅವರಿಗೆ ಇಲ್ಲದಿರಬಹುದು. ಹೋಗಿ ಬರಲು ಕಾರಿನ ವ್ಯವಸ್ಥೆಯನ್ನೂ ನೀವೇ ಮಾಡಿ, ಇಲ್ಲದಿದ್ದರೆ ಟ್ಯಾಕ್ಸಿಯ ಖರ್ಚಿಗೆ ಹೆದರಿ ಹಿಂದೆ ಸರಿಯುತ್ತಾರೆ. ಬರಲಾಗದ ಪರಿಚಯಸ್ಥರಿಗೆ ಬುತ್ತಿ ಕಟ್ಟುವಾಗ ಕಾಯಿ ಅರೆದ ಪದಾರ್ಥ ಬೇಡ. ಬಿಸಿ ಕಾರಿನಲ್ಲಿ ಅದೇ ಮೊದಲು ಹಳಸುವುದು. ಅನ್ನ, ಒಣ ಪಲ್ಯ ಬೇರೆ ಬೇರೆ ಡಬ್ಬಿಯಲ್ಲಿ, ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ತಲುಪಬೇಕು.

ಹಣ ಒಟ್ಟುಮಾಡುವ ಉತ್ಸಾಹಕ್ಕೆ ಮಾತ್ರ ಕಡಿವಾಣ ಬೇಕು. ಯುಎಇಯಲ್ಲಿ 2021ರ ಕಾನೂನಿನ ಪ್ರಕಾರ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ, ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುವುದೂ ಅಪಾಯ. ನಿಮ್ಮ ಸ್ವಂತ ದುಡ್ಡಿನ ಊಟ ನಿಮ್ಮ ಮನೆಯಲ್ಲಿ ಬಡಿಸಿ. ದೊಡ್ಡ ಮೊತ್ತವಿದ್ದರೆ ಪರವಾನಗಿ ಇರುವ ದತ್ತಿ ಸಂಸ್ಥೆಗೆ ಕೊಡಿ. ಊಟದ ಜೊತೆ ಪ್ರಾರ್ಥನಾ ಚೀಟಿ ಇಡಬೇಡಿ, ಉಣ್ಣುವವರ ಫೋಟೊ ತೆಗೆಯಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಹೇಳಿದ್ದು ಫೋನಿನ ಕ್ಯಾಮೆರಾಗೂ ಅನ್ವಯಿಸುತ್ತದೆ.