ನ್ಯೂರೋಸಿಸ್‌ಗೆ ಮೂಲ ಕಾಮವೋ, ಅಧಿಕಾರವೋ?

ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಮತ್ತು ಅವರ ಜೊತೆಗಿದ್ದ ವೈದ್ಯ ಆಡ್ಲರ್ 1911ರಲ್ಲಿ ಬೇರೆಯಾದ ಕಥೆ ಓದಿದವರೆಲ್ಲ ಕೇಳುವುದು ಇದನ್ನೇ: ನ್ಯೂರೋಸಿಸ್‌ಗೆ, ಅಂದರೆ ಮನಸ್ಸಿನ ಒಳಜಗಳದಿಂದ ಹುಟ್ಟುವ ಕಾಯಿಲೆಗೆ, ಮೂಲ ಅದುಮಿಟ್ಟ ಕಾಮ ಅಂದ ಫ್ರಾಯ್ಡ್ ಸರಿಯೋ, ಮೇಲುಗೈಯ ಹಂಬಲ ಅಂದ ಆಡ್ಲರ್ ಸರಿಯೋ?

ಪಕ್ಷ ಹಿಡಿಯುವ ಮೊದಲು ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದ ‘ಡೋರಾ’ ಪ್ರಕರಣ ನೋಡಿ. ಹದಿನೆಂಟರ ಹುಡುಗಿ, ಕೆಮ್ಮು, ಆಗಾಗ ಧ್ವನಿಯೇ ಹೊರಡದು. ತಂದೆಗೆ ಕೆ. ಎಂಬವನ ಹೆಂಡತಿಯ ಜೊತೆ ಸಂಬಂಧ, ಆ ಕೆ.ಯ ಕಣ್ಣು ಇವಳ ಮೇಲೆ. ಕಾಯಿಲೆ ಎಷ್ಟು ದಿನ ಇರುತ್ತಿತ್ತು? ಮೂರರಿಂದ ಆರು ವಾರ. ಕೆ. ಊರಲ್ಲಿಲ್ಲದ ಅವಧಿ? ಅದೂ ಅಷ್ಟೇ. ಮಾತಾಡಬೇಕಾದವನೇ ಇಲ್ಲದಾಗ ಧ್ವನಿ ಯಾಕೆ ಎಂಬುದು ಕಾಮದ ಕಡೆಯ ಓದು. ಅವಳು ಅವನನ್ನು ಪ್ರೀತಿಸುತ್ತಿದ್ದಳು ಎನ್ನುವುದು ಮಾತ್ರ ಫ್ರಾಯ್ಡರ ತೀರ್ಮಾನ, ಅವಳ ಮಾತಲ್ಲ.

ಅದೇ ಬರಹದಲ್ಲಿ ಫ್ರಾಯ್ಡ್ ಇನ್ನೊಂದು ಹೇಳುತ್ತಾರೆ. ನಿನಗಾಗಿ ಆ ಹೆಂಗಸನ್ನು ಬಿಟ್ಟೆ ಎಂದು ತಂದೆ ಹೇಳಿದರೆ ಇವಳು ಕೂಡಲೇ ಗುಣವಾಗುತ್ತಾಳೆ. ಆದರೆ ಹೇಳಬಾರದು, ಹೇಳಿದರೆ ತನ್ನ ಕೈಲಿ ಎಂಥ ಆಯುಧವಿದೆ ಎಂದು ಅವಳಿಗೆ ತಿಳಿದುಬಿಡುತ್ತದೆ. ಆಡ್ಲರ್ ಬಾಯಲ್ಲಿ ಬರಬೇಕಾದ ಮಾತು!

ಹಾಗಾದರೆ ಜಗಳ ಯಾವುದರದ್ದು? ಯಾವುದು ಮೊದಲು ಎಂಬುದರದ್ದು. ಮನೆ ಕಟ್ಟುವಾಗ ಬಿದ್ದು ಕುಂಟನಾದ ಗಾರೆಯವನ ಉದಾಹರಣೆ ಫ್ರಾಯ್ಡರದ್ದೇ. ಈಗ ಅವನ ಹೊಟ್ಟೆಪಾಡು ಭಿಕ್ಷೆ; ಕಾಲು ಸರಿಮಾಡುತ್ತೇನೆಂದರೆ ಖುಷಿಪಡಲಾರ. ಆದರೆ ಭಿಕ್ಷೆಗಾಗಿ ಅವನು ಬಿದ್ದದ್ದಲ್ಲ; ಕಾಯಿಲೆಯ ಲಾಭವೂ ಹಾಗೆಯೇ ಆಮೇಲೆ ಬಂದದ್ದು ಎಂಬುದು ಫ್ರಾಯ್ಡರ ವಾದ. ಆಡ್ಲರ್ ಪ್ರಕಾರ ಕಾಯಿಲೆ ಬೀಳುವುದರಲ್ಲೇ ಉದ್ದೇಶವಿದೆ: ಕೀಳರಿಮೆ ಮುಚ್ಚಿಕೊಂಡು ಮೇಲೆ ನಿಲ್ಲುವುದು. 1923ರಲ್ಲಿ ಡೋರಾ ಬರಹಕ್ಕೆ ಸೇರಿಸಿದ ಅಡಿಟಿಪ್ಪಣಿಯಲ್ಲಿ, ಕಾಯಿಲೆಯ ಲಾಭ ಶುರುವಿನಲ್ಲೂ ಇರುತ್ತದೆ ಎಂದು ಫ್ರಾಯ್ಡ್ ಒಪ್ಪಿದರು.

ಆಡ್ಲರ್ ಕೇಳುತ್ತಿದ್ದ ಪ್ರಶ್ನೆ ಸರಳ: ‘ಗುಣವಾದರೆ ಏನು ಮಾಡುತ್ತೀರಿ?’ ‘ಮದುವೆಯಾಗುತ್ತೇನೆ’ ಎಂದು ಉತ್ತರ ಬಂದರೆ, ತಪ್ಪಿಸಿಕೊಳ್ಳುತ್ತಿರುವುದು ಅದರಿಂದಲೇ. ಆಡ್ಲರ್ ದಾರಿ ಕೆಡುವುದು ಎಲ್ಲಿ ಎಂದರೆ, ಇದನ್ನು ನಾಟಕದ ಆರೋಪದಂತೆ ರೋಗಿಯ ಮುಖಕ್ಕೆ ಹೇಳಿದಾಗ. ಆ ಉದ್ದೇಶ ರೋಗಿಗೇ ಗೊತ್ತಿರುವುದಿಲ್ಲ. ಫ್ರಾಯ್ಡರ ದಾರಿ ಕೆಡುವುದು ರೋಗಿಯ ‘ಇಲ್ಲ’ವನ್ನೂ ‘ಹೌದು’ ಎಂದು ಓದಿದಾಗ.

ಕೆಮ್ಮೇ ಯಾಕೆ, ತಲೆನೋವು ಯಾಕಲ್ಲ ಎಂಬುದಕ್ಕೆ ಫ್ರಾಯ್ಡ್ ಹತ್ತಿರ ಸಿಗುವಷ್ಟು ಉತ್ತರ ಆಡ್ಲರ್ ಹತ್ತಿರ ಸಿಗದು. ದೇಹದ ದುರ್ಬಲ ಅಂಗವನ್ನು ತೋರಿಸಿ ಸುಮ್ಮನಾಗುತ್ತಾರೆ. ಬಂದದ್ದು ಯಾಕೆ ಹೋಗುತ್ತಿಲ್ಲ ಎಂಬಲ್ಲಿ ಆಡ್ಲರೇ ಮೇಲು. ಫ್ರಾಯ್ಡರಿಂದ ಬೇರೆಯಾದ ಇನ್ನೊಬ್ಬ ಮನೋವೈದ್ಯ ಯುಂಗ್ 1917ರಲ್ಲಿ ಎರಡೂ ನಿಜವೆಂದರು, 1921ರಲ್ಲಿ ಈ ಭಿನ್ನಮತವನ್ನು ಇಬ್ಬರ ಸ್ವಭಾವಭೇದಕ್ಕೆ ಕಟ್ಟಿದರು. ಒಪ್ಪಬಹುದು, ಆದರೆ ರೋಗಿ ಎದುರು ಕೂತಾಗ ಅದರಿಂದ ದೊಡ್ಡ ಉಪಯೋಗವಿಲ್ಲ.

ಡೋರಾ 1900ರ ಡಿಸೆಂಬರ್ 31ರಂದು, ಚಿಕಿತ್ಸೆಗೆ ಇವತ್ತೇ ಕೊನೆ ಎಂದಳು. ನಿರ್ಧರಿಸಿ ಎರಡು ವಾರವಾಯಿತಂತೆ. ಕೆಲಸದವಳು ನೋಟಿಸ್ ಕೊಟ್ಟಂತಿದೆ ಎಂದರು ಫ್ರಾಯ್ಡ್. ಅದನ್ನು ಅವರು ಸೇಡು ಎಂದೇ ಬರೆದಿಟ್ಟರು.