ಭಾರ ಹಾಕು ಅಂತೀರಲ್ಲ, ಹಾಕೋದು ಹೇಗೆ?

"ದೇವರ ಮೇಲೆ ಭಾರ ಹಾಕು ಅಂತ ಎಲ್ರೂ ಹೇಳ್ತಾರೆ. ಹಾಕೋದು ಹೇಗೆ? ಕೈಕಟ್ಟಿ ಕೂರೋದಾ?" ಪ್ರವಚನ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ ಬರುವ ಪ್ರಶ್ನೆ ಇದು. ಕೇಳುವವರ ಮನೆಯಲ್ಲಿ ಯಾರೂ ಬೇಡಿ ತಂದುಕೊಳ್ಳದ್ದೇನೋ ಆಗಿರುತ್ತದೆ: ಅಪ್ಪನಿಗೆ ಲಕ್ವ, ಮಗುವಿನ ಕಾಯಿಲೆ, ಇಲ್ಲವೇ ಕೆಲಸ ಹೋಗಿರುತ್ತದೆ.

ಹಾಕುವ ಮುಂಚೆ ಭಾರವನ್ನು ವಿಂಗಡಿಸಬೇಕು. ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ ಯಾವುದೇ ಕೆಲಸಕ್ಕೆ ಐದು ಕಾರಣ ಹೇಳುತ್ತದೆ: ಅಧಿಷ್ಠಾನವಾದ ದೇಹ, ಕರ್ತೃ, ಕರಣಗಳು ಅಂದರೆ ಇಂದ್ರಿಯಗಳು, ಬಗೆಬಗೆಯ ಚೇಷ್ಟೆ ಅಂದರೆ ಪ್ರಯತ್ನ, ಕೊನೆಗೆ ದೈವ. ರಾಮಾನುಜರು ಈ ದೈವವನ್ನು ಪರಮಾತ್ಮ ಅಂತಲೇ ಅರ್ಥೈಸುತ್ತಾರೆ. ಆದರೂ ಶ್ಲೋಕದಲ್ಲಿ ಅದು ಐದನೆಯದು. ಉಳಿದ ನಾಲ್ಕು ನಮ್ಮ ಕಡೆಯವು.

ರಾತ್ರಿ ಹತ್ತಕ್ಕೆ ಅಪ್ಪನ ಬಾಯಿ ಸೊಟ್ಟಗಾಯಿತು, ಒಂದು ಕೈ ಏಳುತ್ತಿಲ್ಲ, ಮಾತು ತೊದಲುತ್ತಿದೆ ಅನ್ನಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಗಂಟೆಗೆ ಶುರುವಾಯಿತು ಅಂತ ಬರೆದಿಟ್ಟುಕೊಳ್ಳಿ, 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ, ಹಳೇ ಔಷಧಿ ಚೀಟಿ ಜೊತೆಗಿರಲಿ. ಬಾಯಿಗೆ ಏನೂ ಹಾಕಬೇಡಿ, ತೀರ್ಥವನ್ನೂ ಕೂಡ. ನುಂಗಲಾಗದೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಹಣೆಗೆ ಹಚ್ಚಿ, ಸಾಕು. "ದೇವರಿದ್ದಾನೆ, ಬೆಳಿಗ್ಗೆ ನೋಡೋಣ" ಅಂತ ಮಲಗುವುದು ಸೋಮಾರಿತನಕ್ಕೆ ವಿಭೂತಿ ಬಳಿದಂತೆ.

(ಆಂಬುಲೆನ್ಸ್ ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ? ಅದನ್ನು ನಾನು ಐದನೆಯದಕ್ಕೇ ಬರೆಯುತ್ತೇನೆ.)

ಇನ್ನು ಕೆಲವರದು ಇದರ ತದ್ವಿರುದ್ಧ. "ಹತ್ತು ನಿಮಿಷ ಮುಂಚೆ ಹೊರಟಿದ್ದರೆ ಅಪ್ಪ ಉಳೀತಿದ್ರು" ಅಂತ ವರ್ಷಗಟ್ಟಲೆ ಕೊರಗುತ್ತಾರೆ. ಅದೇ ಅಧ್ಯಾಯದ 16ನೇ ಶ್ಲೋಕ ಇವರಿಗೆ: ಐದು ಕಾರಣ ಇರುವಾಗ ತಾನೊಬ್ಬನೇ ಕರ್ತೃ ಅಂದುಕೊಳ್ಳುವವನಿಗೆ ಸರಿಯಾಗಿ ಕಾಣುತ್ತಿಲ್ಲ ಅನ್ನುತ್ತದೆ ಅದು.

ಐದನೆಯದನ್ನು ಒಪ್ಪಿಸುವುದಕ್ಕೆ ನಮ್ಮ ಮನೆಗಳಲ್ಲಿ ಮುಡಿಪು ಇದೆ. ಒಗೆದ ಬಿಳಿ ಬಟ್ಟೆಯ ತುಂಡನ್ನು ಅರಿಶಿನ ನೀರಲ್ಲಿ ಅದ್ದಿ ಒಣಗಿಸಿ, ಮನೆದೇವರನ್ನು ನೆನೆದು ಹನ್ನೊಂದು ರೂಪಾಯಿ ಇಟ್ಟು ಗಂಟು ಹಾಕಿ. ದೇವರ ಗೂಡಿನಲ್ಲಿಡಿ. ಕ್ಷೇತ್ರಕ್ಕೆ ಹೋದಾಗ ಹುಂಡಿಗೆ ಹಾಕಿ. ಕೆಡುವುದು ಎರಡು ಕಡೆ. ಒಂದು, "ಕೆಲಸ ಆದ್ರೆ ಮಾತ್ರ ಕೊಡ್ತೀನಿ" ಅನ್ನುವ ಚೌಕಾಸಿ. ಇನ್ನೊಂದು, ಕಾಸನ್ನು ಗಂಟು ಕಟ್ಟಿಟ್ಟು ಚಿಂತೆಯನ್ನು ಮಾತ್ರ ದಿನಾ ಬಿಚ್ಚಿ ನೋಡುವುದು. ರಾತ್ರಿ ಎರಡಕ್ಕೆ ಎಚ್ಚರವಾಗಿ ಲೆಕ್ಕ ಶುರುವಾದರೆ ಎದ್ದು ಆ ಗಂಟನ್ನೊಮ್ಮೆ ಮುಟ್ಟಿ. ನಾಳೆ ಮಾಡಬೇಕಾದ್ದು ಹೊಳೆದರೆ ಚೀಟಿಯಲ್ಲಿ ಬರೆದಿಟ್ಟು ಮಲಗಿ.

ಕೊನೆಯದಾಗಿ ಒಂದು ಮಾತು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಗುವಿನ ಜೊತೆ ಕೂತಿರುವ ತಾಯಿಗೆ "ಪ್ರಾರಬ್ಧ ಕಣಮ್ಮ" ಅನ್ನಬೇಡಿ. ಅದು ತನಗೆ ತಾನೇ ಹೇಳಿಕೊಳ್ಳುವ ಮಾತು, ಇನ್ನೊಬ್ಬರ ಹಣೆಗೆ ಅಂಟಿಸುವುದಲ್ಲ. ಫ್ಲಾಸ್ಕಿನಲ್ಲಿ ಗಂಜಿ ತಗೊಂಡು ಹೋಗಿ. ಒಂದು ರಾತ್ರಿ ನೀವು ಕೂತು, ಆಕೆಯನ್ನು ಮಲಗೋದಕ್ಕೆ ಕಳಿಸಿ.