ಜಾಬ್ ಹೆಸರನ್ನು ನಂಬಿ ಕೆಟ್ಟೆ

ರಾತ್ರಿಯ ಬ್ಯಾಚ್ ಜಾಬ್ ಮುಗಿಯಿತಾ ಅಂತ ನೋಡಿ, ಮುಗಿದಿದ್ದರೆ ಮುಂದಿನದನ್ನು ಶುರು ಮಾಡುವ ಪುಟ್ಟ ಸಿಎಲ್ (ಕಮಾಂಡ್ ಭಾಷೆ) ಪ್ರೋಗ್ರಾಂ ಬರೆದಿದ್ದೆ. ಐಬಿಎಂನ ಎಎಸ್/400 ಕಂಪ್ಯೂಟರ್ ಮೇಲೆ. (ಈಗ ಅದು ಐಬಿಎಂ ಐ, ಆದರೆ ನಾಲಿಗೆಗೆ 1988ರ ಹೆಸರೇ ಅಂಟಿಕೊಂಡಿದೆ.) ಹೆಸರಿನಿಂದ ಜಾಬ್ ಹುಡುಕುವುದು, ಸ್ಟೇಟಸ್ ನೋಡುವುದು, ಅಷ್ಟೇ ಕೆಲಸ. ಒಂದು ರಾತ್ರಿ ಜಾಬ್ ಇನ್ನೂ ಓಡುತ್ತಿರುವಾಗಲೇ ನನ್ನ ಪ್ರೋಗ್ರಾಂ ಮುಗಿದಿದೆ ಅಂದುಕೊಂಡು ಮುಂದಿನದನ್ನು ಶುರು ಮಾಡೇಬಿಟ್ಟಿತು.

ಅದಕ್ಕೆ ಸಿಕ್ಕಿದ್ದು ಹಿಂದಿನ ದಿನದ ಜಾಬ್. ಅದರ ಸ್ಪೂಲ್ ಫೈಲನ್ನು (ಪ್ರಿಂಟ್‌ಗೆ ಕಾಯುವ ಔಟ್‌ಪುಟ್) ಯಾರೂ ಪ್ರಿಂಟ್ ಮಾಡಿರಲಿಲ್ಲ, ಅಳಿಸಿಯೂ ಇರಲಿಲ್ಲ. ಸಾಮಾನ್ಯವಾಗಿ ಸ್ಪೂಲ್ ಫೈಲ್ ಇರುವ ತನಕ ಮುಗಿದ ಜಾಬ್ ಕೂಡ *ಔಟ್‌ಕ್ಯೂ ಸ್ಟೇಟಸ್‌ನಲ್ಲಿ ಸುಮ್ನೆ ಕೂತಿರುತ್ತದೆ. ಅದೇ ಹೆಸರು, ಅದೇ ಯೂಸರ್. ಬೇರೆ ಇದ್ದದ್ದು ಆರಂಕಿಯ ಜಾಬ್ ನಂಬರ್ ಒಂದೇ, ಅದನ್ನೇ ನಾನು ನೋಡಿರಲಿಲ್ಲ.

ಆ ನಂಬರನ್ನು ಆಮೇಲೆ ಹುಡುಕುತ್ತಾ ಹೋಗಬಾರದು, ಸಬ್ಮಿಟ್ ಮಾಡಿದ ಕೂಡಲೇ ಹಿಡಿಯಬೇಕು. ಎಸ್‌ಬಿಎಂಜಾಬ್ ಕಮಾಂಡ್ (ಜಾಬ್ ಸಬ್ಮಿಟ್ ಮಾಡುವುದು) ಕೊಟ್ಟ ತಕ್ಷಣ ಸಿಪಿಸಿ1221 ಅನ್ನೋ ಮೆಸೇಜ್ ಬರುತ್ತದೆ, ಅದನ್ನು ಮೆಸೇಜ್ ಪಡೆಯುವ ಆರ್‌ಸಿವಿಎಂಎಸ್‌ಜಿ ಕಮಾಂಡ್‌ನಲ್ಲಿ ತೆಗೆದುಕೊಂಡು ಮೆಸೇಜ್ ಡೇಟಾ ನೋಡಿದರೆ ಮೊದಲ 10 ಅಕ್ಷರ ಜಾಬ್ ಹೆಸರು, ಮುಂದಿನ 10 ಯೂಸರ್, ಆಮೇಲಿನ 6 ನಂಬರ್. ಸ್ಕ್ರೀನ್ ಮೇಲೆ ಇದು ಉಲ್ಟಾ ಕಾಣುತ್ತದೆ, ನಂಬರ್ ಮೊದಲು, ಹೆಸರು ಕೊನೆಗೆ. ಜಾಬ್ ವಿವರ ಕೊಡುವ ಕ್ಯೂಯುಎಸ್‌ಆರ್‌ಜಾಬ್‌ಐ ಎಪಿಐಗೆ ಬೇಕಾಗಿರುವುದು ಹೆಸರು ಮೊದಲಿರುವ ಕ್ರಮವೇ. ಹಾಗಾಗಿ ಆ 26 ಅಕ್ಷರ ಕತ್ತರಿಸಿ ಹಾಗೇ ಕೊಟ್ಟರಾಯಿತು.

ಸ್ಟೇಟಸ್ ಮಾತ್ರ ಬೇಕಿದ್ದರೆ ಆ ಎಪಿಐಯ ಜಾಬ್‌ಐ0100 ಫಾರ್ಮ್ಯಾಟ್ ಸಾಕು. ಅದರಲ್ಲಿ ಸ್ಟೇಟಸ್ ಇರೋದು ಆಫ್‌ಸೆಟ್ 50ರಲ್ಲಿ. ಆದರೆ ಆಫ್‌ಸೆಟ್ ಎಣಿಕೆ ಸೊನ್ನೆಯಿಂದ, ಸಿಎಲ್‌ನಲ್ಲಿ ಅಕ್ಷರ ಕತ್ತರಿಸುವ %ಎಸ್‌ಎಸ್‌ಟಿ ಎಣಿಸೋದು ಒಂದರಿಂದ, ಅಂದರೆ 51ರಿಂದ ಓದಬೇಕು. ನಾನು 50 ಅಂತ ಬರೆದು, *ಆಕ್ಟಿವ್‌ಗೆ ಯಾಕೆ ಯಾವತ್ತೂ ತಾಳೆಯಾಗ್ತಿಲ್ಲ ಅಂತ ಸುಮಾರು ಹೊತ್ತು ತಲೆ ಕೆರೆದುಕೊಂಡೆ. ಇನ್ನು ಸ್ಪೂಲ್ ಫೈಲ್ ಬಿಡದೆ ಮುಗಿದ ಜಾಬ್ ಸಿಗುವುದೇ ಇಲ್ಲ, ಸಿಪಿಎಫ್3ಸಿ53 ಎರರ್ ಬರುತ್ತದೆ. ಅದನ್ನೂ ಮುಗಿದಿದೆ ಅಂತಲೇ ಲೆಕ್ಕ ಹಾಕಬೇಕು. ಸರಿಯಾಗಿ ಮುಗಿಯಿತಾ, ಮಧ್ಯೆ ಬಿತ್ತಾ ಅನ್ನೋದು ಬೇರೆ ಪ್ರಶ್ನೆ ಅಲ್ವಾ? ಅದಕ್ಕೆ ಈಗ ಜಾಬ್ ಕೊನೆಯಲ್ಲಿ ಒಂದು ಡೇಟಾ ಏರಿಯಾಗೆ (ಸಣ್ಣ ಮಾಹಿತಿ ಇಡುವ ಜಾಗ) ಗುರುತು ಬರೆಯುವ ಹಾಗೆ ಮಾಡಿದ್ದೇನೆ.

ಎಸ್‌ಕ್ಯೂಎಲ್ ಬಳಸುವವರು ಕ್ಯೂಎಸ್‌ವೈಎಸ್2 ಲೈಬ್ರರಿಯ ಜಾಬ್_ಇನ್ಫೋ ನೋಡಬಹುದು, ಬರೆಯೋದು ಎಷ್ಟೋ ಸುಲಭ. ಆದರೆ ಯೂಸರ್ ಫಿಲ್ಟರ್ ಕೊಡದಿದ್ದರೆ ಅದು ನಿಮ್ಮ ಜಾಬ್‌ಗಳನ್ನು ಮಾತ್ರ ತೋರಿಸುತ್ತದೆ, ಬೇರೆಯವರದೂ ಬೇಕಿದ್ದರೆ *ಆಲ್ ಕೊಡಿ. ಆಕ್ಟಿವ್_ಜಾಬ್_ಇನ್ಫೋದಲ್ಲಿ ಹುಡುಕಬೇಡಿ, ಜಾಬ್ ಕ್ಯೂನಲ್ಲಿ ಇನ್ನೂ ಸರದಿ ಕಾಯುತ್ತಿರುವ ಜಾಬ್ ಅಲ್ಲಿ ಕಾಣುವುದೇ ಇಲ್ಲ.